ಕೆಡವುವ ಮುಂಚೆ ಒಮ್ಮೆ ಅಳೆದು ನೋಡಿ

ಮೈಸೂರಿನ ಹಳೆಯ ಕಟ್ಟಡಗಳ ಹಣೆಬರಹ ಯಾರ ಸಹಿಯಲ್ಲಿದೆಯೋ ಆ ಎಲ್ಲ ಅಧಿಕಾರಿಗಳಿಗೆ ಮತ್ತು ಜನಪ್ರತಿನಿಧಿಗಳಿಗೆ

ವಿಷಯ: ದೇವರಾಜ ಮಾರುಕಟ್ಟೆ ಹಾಗೂ ಲ್ಯಾನ್ಸ್‌ಡೌನ್ ಕಟ್ಟಡದ ಯಾವುದೇ ಯೋಜನೆಗೆ ಮುನ್ನ ಆ ಜಾಗಗಳ ಪೂರ್ತಿ ಅಧ್ಯಯನ ನಡೆಸಿ, ಅದನ್ನು ಕನ್ನಡದಲ್ಲಿ ಜನರ ಮುಂದಿಡಬೇಕೆಂಬ ಕೋರಿಕೆ

ಮಾನ್ಯರೇ,

ಹಿಂದೊಂದು ಮಳೆಗಾಲದಲ್ಲಿ ನಾನೊಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ. ದೇವರಾಜ ಮಾರುಕಟ್ಟೆ ಈಗ ಹೇಗೆ ನಿಂತಿದೆಯೋ ಹಾಗೇ ಅಳೆದು ಬರೆದ ನಕ್ಷೆ ಇದೆಯೇ, ಇದ್ದರೆ ಒಮ್ಮೆ ನೋಡಬಹುದೇ ಎಂದು ಕೇಳಲು ಹೋಗಿದ್ದೆ. 32 ವರ್ಷ ಕಟ್ಟಡಗಳ ನಕ್ಷೆ ಬರೆದೇ ಸಂಸಾರ ಸಾಗಿಸಿದವನು ನಾನು. ನಿವೃತ್ತನಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಮಾರುಕಟ್ಟೆಯ ಒಂದೊಂದು ಸಾಲನ್ನೂ ನಾನೇ ಹೆಜ್ಜೆಯಲ್ಲಿ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದೆ. ಅದು ಸರಿಯೋ ತಪ್ಪೋ ತಾಳೆ ನೋಡಬೇಕಿತ್ತು.

ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿದರು. ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರವೊಂದನ್ನು ತೆರೆದು, ‘ಹೊಸದು ಹೀಗೆ ಬರುತ್ತೆ ನೋಡಿ ಸಾರ್’ ಎಂದರು. ಕಮಾನುಗಳಿದ್ದವು, ಗೋಪುರದಂಥದ್ದಿತ್ತು, ಮುಂದೆ ಕಾರು ನಿಂತಿತ್ತು. ‘ಇದು ಸರಿ, ಈಗಿರುವುದರ ಅಳತೆ ನಕ್ಷೆ?’ ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ‘ಅದ್ಯಾಕೆ ಸಾರ್, ಅದು ಹೋಗೋದೇ ಅಲ್ವಾ?’

ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಒಂದು ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟೇ: ತೀರ್ಮಾನ ಮೊದಲು ಬರುತ್ತಿದೆ, ಪರೀಕ್ಷೆ ಅದರ ಹಿಂದೆ ಕುಂಟುತ್ತಾ ಬರುತ್ತಿದೆ. ಉಳಿಸಬೇಕೋ, ದುರಸ್ತಿ ಮಾಡಬೇಕೋ, ಕೆಡವಿ ಕಟ್ಟಬೇಕೋ ಎಂಬ ಜಗಳವನ್ನು ನಾವು ವರ್ಷಗಟ್ಟಲೆ ಆಡಿದ್ದೇವೆ. ಆ ಜಾಗದಲ್ಲಿ ಏನಿದೆ ಎಂದು ಕೂತು ಓದುವ ಕೆಲಸವನ್ನು ಮಾತ್ರ ಯಾರೂ ಪೂರ್ತಿ ಮಾಡಿ ಊರಿನ ಕೈಗೆ ಕೊಟ್ಟಿಲ್ಲ.

ಈ ಎರಡು ಕಟ್ಟಡಗಳ ಕಥೆ ಮೈಸೂರಿನವರಿಗೆ ಗೊತ್ತಿರುವುದೇ. ದೇವರಾಜ ಮಾರುಕಟ್ಟೆ 19ನೇ ಶತಮಾನದ ಕೊನೆಯ ಭಾಗದಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ ರೂಪುಗೊಂಡು ಹಂತಹಂತವಾಗಿ ಬೆಳೆದದ್ದು. ಎದುರಿನ ಲ್ಯಾನ್ಸ್‌ಡೌನ್ ಕಟ್ಟಡ, ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಊರಿಗೆ ಬಂದ ನೆನಪಿಗೆ 1892ರಲ್ಲಿ ಎದ್ದದ್ದು. ನಡುವೆ 1886ರ ಚಿಕ್ಕ ಗಡಿಯಾರ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಜೀವ ಬಿಟ್ಟರು. 2016ರ ಆಗಸ್ಟ್‌ನಲ್ಲಿ, ದುರಸ್ತಿ ಕೆಲಸ ನಡೆಯುತ್ತಿರುವಾಗಲೇ, ಧನ್ವಂತರಿ ರಸ್ತೆಯ ಕಡೆಯ ಮಾರುಕಟ್ಟೆ ಬಾಗಿಲು ಕುಸಿಯಿತು. ಆಮೇಲೆ ಸಮಿತಿಯ ಮೇಲೆ ಸಮಿತಿ. ಒಂದು ವರದಿ ದುರಸ್ತಿ ಮಾಡಿ ಉಳಿಸಬಹುದು ಎಂದಿತು, ಇನ್ನೊಂದು ಕೆಡವುವುದೇ ಸರಿ ಎಂದಿತು. ವಿಷಯ ಹೈಕೋರ್ಟಿಗೆ ಹೋಯಿತು. ಕೆಡವಿ ಕಟ್ಟುವ ತೀರ್ಮಾನವನ್ನು ಪ್ರಶ್ನಿಸಿದ ಅರ್ಜಿಗಳು 2023ರಲ್ಲಿ ವಜಾ ಆದವು.

ನ್ಯಾಯಾಲಯದ ಮಾತಿಗೆ ನಾನು ತಲೆಬಾಗುತ್ತೇನೆ. ಸತ್ತ ನಾಲ್ವರನ್ನು ಮರೆತು ಪರಂಪರೆಯ ಮಾತಾಡುವವನೂ ನಾನಲ್ಲ. ಆ ಕಟ್ಟಡದ ಕೆಳಗೆ ಹಳೆ ಪುಸ್ತಕ ಹುಡುಕುತ್ತಾ ನಾನೇ ಎಷ್ಟೋ ಸಂಜೆ ನಿಂತಿದ್ದೇನೆ. ಆ ದಿನ ಅಲ್ಲಿ ನಾನೂ ಇರಬಹುದಿತ್ತು. ಜನರ ತಲೆಯ ಮೇಲೆ ಬೀಳುವ ಯಾವ ಕಮಾನೂ ಪವಿತ್ರವಲ್ಲ. ಆದರೆ ಅದು ಯಾಕೆ ಬಿತ್ತು? ಮುಪ್ಪಿನಿಂದ ಬಿತ್ತು ಎನ್ನುವುದು ಕಾರಣವಲ್ಲ. ಅದಕ್ಕಿಂತ ಹಳೆಯ ಗೋಡೆಗಳು ಇದೇ ಊರಿನಲ್ಲಿ ಗಟ್ಟಿಯಾಗಿ ನಿಂತಿವೆ. ನೀರು ಎಲ್ಲಿಂದ ಇಳಿಯಿತು, ಯಾವ ತೊಲೆ ಕೊಳೆಯಿತು, ಯಾರು ಯಾವ ಗೋಡೆ ಒಡೆದರು, ಮೇಲೆ ಏನು ಹೇರಿದರು ಎಂದು ಹೇಳಿದರೆ ಅದು ಕಾರಣ.

ಇಲ್ಲಿ ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಅಗ್ರಹಾರದ ಕಡೆಯ ಹಳೆಯ ಮನೆ, ತಾತ ಕಟ್ಟಿಸಿದ್ದು. ಅದರದು ಮದ್ರಾಸ್ ತಾರಸಿ. ಇದು ಗೊತ್ತಿಲ್ಲದ ಕಿರಿಯರಿಗಾಗಿ ಹೇಳುತ್ತೇನೆ: ತೇಗದ ತೊಲೆಗಳನ್ನು ಗೋಡೆಯಿಂದ ಗೋಡೆಗೆ ಸಾಲಾಗಿ ಇಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಮಲಗಿಸದೆ, ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲಿನಲ್ಲಿ ಸುಣ್ಣದ ಗಾರೆ ಹಾಕಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಪದರ. ಆ ಪದರವನ್ನು ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಚಿಮುಕಿಸುತ್ತಾ, ಸಾಲಾಗಿ ಕೂತ ಹೆಂಗಸರು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ಹಾಗೆ ಕೂತ ತಾರಸಿ ಬೇಸಗೆಯಲ್ಲಿ ತಣ್ಣಗಿರುತ್ತದೆ, ಮಳೆಗೆ ಜಗ್ಗುವುದಿಲ್ಲ.

ನಮ್ಮ ನಡುಮನೆಯ ಸೂರಿನಲ್ಲಿ ಒಂದು ಬಿರುಕು ಕಾಣಿಸಿತು. ಕರೆಸಿದ ಎಂಜಿನಿಯರ್ ಹತ್ತು ನಿಮಿಷ ತಲೆಯೆತ್ತಿ ನೋಡಿ, ಫೋಟೊ ತೆಗೆದುಕೊಂಡು, ‘ಇದರ ಆಯುಸ್ಸು ಮುಗಿದಿದೆ, ತೆಗೆದು ಆರ್‌ಸಿಸಿ ಹಾಕಿಸಿ’ ಎಂದರು. ನನ್ನ ವೃತ್ತಿಯ ಪರಿಚಯದ ಹಳೆಯ ಗಾರೆ ಮೇಸ್ತ್ರಿಯೊಬ್ಬರು ಆಗಿನ್ನೂ ಓಡಾಡಿಕೊಂಡಿದ್ದರು. ಅವರನ್ನೂ ಕರೆಸಿದೆ. ಅವರು ಮೊದಲು ಸೂರನ್ನು ನೋಡಲೇ ಇಲ್ಲ. ಮನೆಯ ಹಿಂದೆ ಹೋಗಿ ಗೋಡೆಯ ಬುಡ ಮುಟ್ಟಿದರು. ಮಹಡಿ ಹತ್ತಿ ಹರನಾಳಿಗೆಯ ಬಾಯಲ್ಲಿ ಕೈ ಹಾಕಿ ಕೊಳೆತ ಎಲೆಯ ಮುದ್ದೆಯನ್ನು ಎಳೆದರು. ಕೆಳಗಿಳಿದು ಬಂದು ಏಣಿ ಹತ್ತಿ, ಪುಟ್ಟ ಸುತ್ತಿಗೆಯಲ್ಲಿ ತೊಲೆಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದರು. ನಡುವೆ ಟಣ್ ಎನ್ನುತ್ತಿದ್ದ ತೊಲೆ, ಒಂದೇ ಒಂದು ಕಡೆ, ಗೋಡೆಯೊಳಗೆ ಹೋಗುವ ತುದಿಯಲ್ಲಿ, ದಪ್ ಎಂದಿತು. ಅಲ್ಲಿ ಮೊಳೆ ಒತ್ತಿದರೆ ಬೆಣ್ಣೆಯೊಳಗೆ ಹೋದಂತೆ ಹೋಯಿತು.

ಆಮೇಲೆ ಬಿರುಕಿನ ಅಡ್ಡಕ್ಕೆ ಒಂದು ತೆಳು ಗಾಜಿನ ಪಟ್ಟಿಯನ್ನು ಗಾರೆಯಲ್ಲಿ ಅಂಟಿಸಿ, ತಾರೀಖು ಬರೆದು, ‘ಮೂರು ತಿಂಗಳು ಮುಟ್ಟಬೇಡಿ. ಗಾಜು ಒಡೆದರೆ ಬಿರುಕು ಇನ್ನೂ ಬೆಳೀತಿದೆ ಅಂತ. ಒಡೀದಿದ್ರೆ ನಿಂತಿದೆ ಅಂತ’ ಎಂದು ಹೊರಟುಹೋದರು. ಗಾಜು ಒಡೆಯಲಿಲ್ಲ. ಕಾರಣವನ್ನೂ ಅವರೇ ಹುಡುಕಿದ್ದರು. ವರ್ಷಗಳ ಹಿಂದೆ ನಾನೇ, ಗೋಡೆ ಚೆಂದ ಕಾಣಲೆಂದು, ಹೊರಗೆ ಸಿಮೆಂಟ್ ಗಿಲಾವು ಮಾಡಿಸಿದ್ದೆ. ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಬಂದರೆ ಬಿಟ್ಟುಕೊಡುತ್ತದೆ. ಸಿಮೆಂಟ್ ಅದರ ಉಸಿರು ಕಟ್ಟಿಸಿತು. ಕಟ್ಟಿಕೊಂಡ ಹರನಾಳಿಗೆಯಿಂದ ಒಳಗಿಳಿದ ನೀರು ಹೊರಹೋಗುವ ದಾರಿಯಿಲ್ಲದೆ ತೊಲೆಯ ತುದಿಯನ್ನು ತಿಂದಿತು. ಸಿಮೆಂಟ್ ಕೆತ್ತಿ ತೆಗೆದು, ಕೊಳೆತ ಒಂದೂವರೆ ಅಡಿ ಕತ್ತರಿಸಿ, ಹೊಸ ತೇಗದ ತುಂಡು ಬೆಸೆದು, ಮತ್ತೆ ಸುಣ್ಣ ಬಳಿದೆವು. ಆ ಸೂರಿನ ಕೆಳಗೇ ಕೂತು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಒಂದು ಕೋಣೆಯ ನ್ಯಾಯವನ್ನು ಇಡೀ ಮಾರುಕಟ್ಟೆಗೆ ಹಚ್ಚಲಾಗದು ಎಂಬುದು ನನಗೂ ಗೊತ್ತು. ಅಲ್ಲಿನ ಎಷ್ಟೋ ಭಾಗ ಕೈಮೀರಿ ಹೋಗಿರಬಹುದು. ನಾನು ಕೇಳುವುದು ಮೇಸ್ತ್ರಿಯ ಉತ್ತರವನ್ನಲ್ಲ, ಆತ ಹೋದ ದಾರಿಯನ್ನು. ಮೊದಲು ಬುಡ, ಆಮೇಲೆ ನೀರು, ಆಮೇಲೆ ತೊಲೆ, ಆಮೇಲೆ ಮೂರು ತಿಂಗಳ ತಾಳ್ಮೆ. ತೀರ್ಪು ಕೊಟ್ಟದ್ದು ಕೊನೆಗೆ.

ಮಾರುಕಟ್ಟೆಯಲ್ಲಿ ಈ ದಾರಿ ಎಲ್ಲಿಂದ ಶುರುವಾಗಬೇಕು ಎಂದು ಕೇಳಿದರೆ, ನೆಲದಿಂದ ಎನ್ನುತ್ತೇನೆ. ಮಾರುಕಟ್ಟೆಯ ಪಕ್ಕದಲ್ಲೇ ಹಾದುಹೋಗುವ ಸಯ್ಯಾಜಿರಾವ್ ರಸ್ತೆ ಒಂದು ಕಾಲಕ್ಕೆ ರಸ್ತೆಯಲ್ಲ, ನಾಲೆ. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ತೋಡಿಸಿದ್ದು. ನೀರು ಬರಲಿಲ್ಲ; ಮುಂದೆ ಊರಿನ ಚರಂಡಿಯಂತಾದ ಆ ನಾಲೆಯನ್ನು ಮುಚ್ಚಿ, ಅದರ ಮೇಲೆ ರಸ್ತೆ ಮಾಡಿದರು. ಜಂಬೂ ಸವಾರಿ ಸಾಗುವುದು ಆ ತುಂಬಿದ ಮಣ್ಣಿನ ಮೇಲೆ. ಹಾಗಾದರೆ ಆ ಬದಿಯ ಗೋಡೆಗಳ ಪಾಯ ನಿಂತಿರುವುದು ಗಟ್ಟಿ ನೆಲದಲ್ಲೋ, ಅರ್ಧ ತುಂಬಿದ ಮಣ್ಣಿನಲ್ಲೋ? ಹಳೆಯ ನಾಲೆಯ ಜಾಡಿನಲ್ಲಿ ಮಳೆನೀರು ಇನ್ನೂ ಒಳಗೊಳಗೇ ಹರಿಯುತ್ತಿದೆಯೋ? ನಾಲ್ಕು ಕಡೆ ಪರೀಕ್ಷಾ ಗುಂಡಿ ತೋಡಿ ನೋಡಿದರೆ ಗೊತ್ತಾಗುವ ವಿಷಯ ಇದು. ನೋಡದೆ ಹೋದರೆ, ಹಳೆಯ ಕಟ್ಟಡ ಉಳಿಸಿದರೂ ಅಪಾಯ, ಕೆಡವಿ ಅದೇ ಜಾಗದಲ್ಲಿ ಭಾರದ ಹೊಸ ಕಟ್ಟಡ ನಿಲ್ಲಿಸಿದರೂ ಅಪಾಯ. ಉಳಿಸಿ ಎನ್ನುವವರಿಗೂ ಕೆಡವಿ ಎನ್ನುವವರಿಗೂ ಬೇಕಾದ ಮಾಹಿತಿ ಇದು.

ಇನ್ನೊಂದು ಸಂಗತಿ. ಮಾರುಕಟ್ಟೆ ಎಂದು ಒಂದೇ ಮಾತಿನಲ್ಲಿ ಕರೆದರೂ ಅದು ಒಂದೇ ಕಟ್ಟಡವಲ್ಲ. ಬೇರೆ ಬೇರೆ ಕಾಲದಲ್ಲಿ ಸೇರಿಸುತ್ತಾ ಬಂದದ್ದು. ಕೆಲವು ಕಡೆ ದಪ್ಪ ಇಟ್ಟಿಗೆ ಗೋಡೆ, ಕೆಲವು ಕಡೆ ತಗಡಿನ ಮಾಡು, ಇನ್ನು ಕೆಲವು ಕಡೆ ಬಾಡಿಗೆದಾರರು ತಮ್ಮ ಅನುಕೂಲಕ್ಕೆ ಎಬ್ಬಿಸಿಕೊಂಡ ಅಟ್ಟ. ಇಡೀ ಮಾರುಕಟ್ಟೆಗೆ ಒಂದೇ ತೀರ್ಪು ಬರೆಯುವುದೆಂದರೆ ಮನೆಯಲ್ಲಿ ಒಬ್ಬರಿಗೆ ಜ್ವರವೆಂದು ಎಲ್ಲರಿಗೂ ಇಂಜೆಕ್ಷನ್ ಚುಚ್ಚಿದ ಹಾಗೆ. ಯಾವ ಸಾಲು ಯಾವ ಕಾಲದ್ದು, ಯಾವುದು ಗಟ್ಟಿ, ಯಾವುದು ನಾಳೆಯೇ ಬೀಳುವಂಥದ್ದು ಎಂದು ಬಣ್ಣಬಣ್ಣದಲ್ಲಿ ಗುರುತು ಮಾಡಿದ ಒಂದು ನಕ್ಷೆ ಬೇಕು. ಆ ನಕ್ಷೆ ಸಿದ್ಧವಾದರೆ ಅರ್ಧ ಜಗಳ ತಾನಾಗಿ ತೀರುತ್ತದೆ. ಎರಡು ವರದಿಗಳು ಎರಡು ದಿಕ್ಕಿಗೆ ಮುಖ ಮಾಡಿದ್ದಕ್ಕೆ ನನಗೆ ತೋರುವ ಕಾರಣವೂ ಇದೇ. ಒಬ್ಬರು ನೋಡಿದ್ದು ಗಟ್ಟಿ ಗೋಡೆ, ಇನ್ನೊಬ್ಬರು ನೋಡಿದ್ದು ಕೊಳೆತ ತೊಲೆ. ಕಾಂಕ್ರೀಟಿನ ಲೆಕ್ಕದಲ್ಲಿ ಅಳೆದರೆ ಸುಣ್ಣದ ಗೋಡೆ ಯಾವತ್ತೂ ಸೋಲುತ್ತದೆ. ಅದರ ಬಲವನ್ನು ಅದರದೇ ಲೆಕ್ಕದಲ್ಲಿ ಅಳೆಯಬೇಕು.

2016ರ ಕುಸಿತವನ್ನು ನೆನೆದಾಗ ನನಗೆ ಹೊಟ್ಟೆ ತೊಳಸುತ್ತದೆ. ದುರಸ್ತಿ ಮಾಡಲು ಕೈಹಾಕಿದ ಹೊತ್ತಿನಲ್ಲೇ ಬಿದ್ದ ಬಾಗಿಲು ಅದು. ಪರಂಪರೆಯ ಪರ ಮಾತಾಡುವ ನಮ್ಮಂಥವರೂ ಅದರಿಂದ ಪಾಠ ಕಲಿಯಬೇಕು. ಕಮಾನು ಎಂದರೆ ಒಂದರ ಭಾರ ಇನ್ನೊಂದು ಹೊತ್ತು ನಿಂತಿರುವ ಸಂಸಾರ. ಪಕ್ಕದ ಗೋಡೆಯನ್ನು ಸ್ವಲ್ಪ ಬಿಚ್ಚಿದರೂ ಎದುರಿನದು ತಳ್ಳುತ್ತದೆ. ಯಾವುದು ಯಾವುದನ್ನು ಹೊತ್ತಿದೆ ಎಂದು ಅರಿಯದೆ ಮುಟ್ಟಿದರೆ, ಉಳಿಸುವ ಕೈಯೇ ಕೆಡವುತ್ತದೆ.

ಇಷ್ಟು ಹೊತ್ತು ಇಟ್ಟಿಗೆ ಗಾರೆಯ ಮಾತಾಯಿತು. ಆದರೆ ದೇವರಾಜ ಮಾರುಕಟ್ಟೆಯನ್ನು ಅಳೆಯಲು ಹೋದವರು ಗೋಡೆಗಳನ್ನಷ್ಟೇ ಅಳೆದು ಬಂದರೆ ಅವರು ಮಾರುಕಟ್ಟೆಯನ್ನು ಕಂಡಿಲ್ಲ ಎಂದೇ ನನ್ನ ಲೆಕ್ಕ. ಬೆಳಗಿನ ಜಾವ ಹೂವಿನ ಸಾಲಿಗೆ ಹೋಗಿ ನಿಲ್ಲಿ. ಹೂವಿನಾಕೆ ಮಲ್ಲಿಗೆ ದಂಡೆಯನ್ನು ಬೆರಳ ತುದಿಯಿಂದ ಮೊಣಕೈಗೆ ಎಳೆದು ಮೊಳ ಹಾಕುತ್ತಾಳೆ. ಮಾರು ಬೇಕೆಂದರೆ ಎರಡೂ ತೋಳು ಚಾಚುತ್ತಾಳೆ. ತೋಳು ಚಾಚಿದಾಗ ಪಕ್ಕದ ಅಂಗಡಿಗೆ ತಾಗದಷ್ಟೇ ಅವಳ ಜಾಗ. ಅವಳು ಕೂತ ಕಟ್ಟೆಯ ಎತ್ತರಕ್ಕೂ ಗಿರಾಕಿ ಬಗ್ಗದೆ ಹೂವು ಮೂಸಿ ನೋಡುವುದಕ್ಕೂ ಲೆಕ್ಕವಿದೆ. ಮೇಲಿನ ಮಾಡಿನ ಸಂದಿಯಿಂದ ಬಿಸಿಲು ನೇರವಾಗಿ ಬೀಳುವುದಿಲ್ಲ, ಆದ್ದರಿಂದ ಮಧ್ಯಾಹ್ನದವರೆಗೆ ಹೂವು ಬಾಡುವುದಿಲ್ಲ. ಇದನ್ನು ಯಾವ ವಾಸ್ತುಶಿಲ್ಪಿಯೂ ಕೂತು ಬರೆದದ್ದಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದ ವ್ಯಾಪಾರ ತಾನೇ ಕಡೆದಿಟ್ಟದ್ದು.

ಅಲ್ಲಿಂದ ನಾಲ್ಕು ಹೆಜ್ಜೆ ಹೋದರೆ ಕುಂಕುಮ ಅರಿಸಿನದ ರಾಶಿ, ಅದರಾಚೆ ವೀಳ್ಯದೆಲೆ, ಬಾಳೆಹಣ್ಣು, ತೆಂಗಿನಕಾಯಿ, ಬಾಳೆಎಲೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಈ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ ಎಂದು ನಾವು ಹೆಮ್ಮೆ ಪಡುತ್ತೇವೆ. ಮೂರೂ ಒಂದೇ ಸೂರಿನ ಕೆಳಗೆ, ಮನೆಯ ಪೂಜೆಗೋ ಮದುವೆಗೋ ಬಂದವರ ಒಂದೇ ಸುತ್ತಿನಲ್ಲಿ ಚೀಲಕ್ಕೆ ಬೀಳುವ ಜಾಗ ಇದು. ಹೂವು, ಹಣ್ಣು, ಎಲೆ, ಕಾಯಿ, ಕುಂಕುಮ ಎಂಬ ಈ ಸರದಿ ಸುಮ್ಮನೆ ಬಂದದ್ದಲ್ಲ. ನಮ್ಮ ಹಬ್ಬದ ತಟ್ಟೆ ಹೇಗೆ ತುಂಬುತ್ತದೋ ಹಾಗೆ ಸಾಲುಗಳು ಕೂತಿವೆ. ಹೊಸ ಕಟ್ಟಡದಲ್ಲಿ ಹೂವು ಕೆಳಗೆ, ಹಣ್ಣು ಮೇಲೆ, ಬಾಳೆಎಲೆ ನೆಲಮಾಳಿಗೆಯಲ್ಲಿ ಎಂದು ಹಂಚಿಬಿಟ್ಟರೆ ಅಂಗಡಿಗಳ ಸಂಖ್ಯೆ ಸರಿಹೋಗಬಹುದು, ವ್ಯಾಪಾರ ಒಡೆದುಹೋಗುತ್ತದೆ. ಎರಡನೇ ಮಹಡಿಗೆ ಮೆಟ್ಟಿಲು ಹತ್ತಿ ಒಂದು ಮೊಳ ಹೂವು ಕೊಳ್ಳುವವರು ಯಾರು?

ಹಾಗಾಗಿ ಅಧ್ಯಯನದಲ್ಲಿ ಇವೆಲ್ಲ ಸೇರಬೇಕು. ಸರಕು ಯಾವ ಹೊತ್ತಿಗೆ ಯಾವ ಬಾಗಿಲಿಂದ ಬರುತ್ತದೆ, ಕೊಳೆತದ್ದು ಎಲ್ಲಿಂದ ಹೊರಹೋಗುತ್ತದೆ, ಪರವಾನಗಿ ಇದ್ದವರೆಷ್ಟು, ಅಂಗಡಿಯೇ ಇಲ್ಲದೆ ನಡುದಾರಿಯಲ್ಲಿ ಬುಟ್ಟಿ ಇಟ್ಟು ಕೂರುವವರೆಷ್ಟು, ಹೊರೆ ಹೊರುವವರು ಯಾರು, ನೀರು ಚಿಮುಕಿಸಲು ಹೂವಿನವರು ಎಲ್ಲಿಂದ ನೀರು ತರುತ್ತಾರೆ. ಬುಟ್ಟಿ ಇಟ್ಟು ಕೂರುವ ಅಜ್ಜಿಯ ಹೆಸರು ಯಾವ ಬಾಡಿಗೆ ಪುಸ್ತಕದಲ್ಲೂ ಇರುವುದಿಲ್ಲ. ಕಾಮಗಾರಿ ಮುಗಿಯುವವರೆಗೆ ಬೇರೆ ಜಾಗ ಕೊಡುತ್ತೇವೆ ಎನ್ನುವಾಗ ಆಕೆಗೆ ಎಲ್ಲಿ ಜಾಗ? ತಾತ್ಕಾಲಿಕ ಎಂದು ಹೊರಗೆ ಹೋದ ವ್ಯಾಪಾರ ಮರಳಿ ಬರುವುದಿಲ್ಲ ಎಂಬ ಭಯ ಬಾಡಿಗೆದಾರರಿಗೂ ಇದೆ, ಆ ಭಯ ಅಕಾರಣವಲ್ಲ.

ಇದನ್ನೆಲ್ಲ ನಾನು ಹೊಸದಾಗಿ ಕಂಡುಹಿಡಿದು ಹೇಳುತ್ತಿಲ್ಲ. ನೂರು ವರ್ಷಕ್ಕೂ ಹಿಂದೆ, 1914ರಲ್ಲಿ, ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು ಭಾರತಕ್ಕೆ ಬಂದರು. ಮೂಲತಃ ಜೀವವಿಜ್ಞಾನಿ, ಗಿಡಮರ ಓದಿದವರು. ಮದ್ರಾಸ್ ಪ್ರಾಂತ್ಯದ ಊರುಗಳಿಂದ ಹಿಡಿದು ಇಂದೋರಿನವರೆಗೆ ಎಷ್ಟೋ ನಗರಗಳಿಗೆ ವರದಿ ಬರೆದುಕೊಟ್ಟರು. ಯೋಜನೆಗೆ ಮುನ್ನ ಸಮೀಕ್ಷೆ ಎಂಬುದು ಅವರ ಮೂಲಮಂತ್ರ. ಅಂದಿನ ಎಂಜಿನಿಯರುಗಳು ಹಳೆಯ ಬೀದಿಗಳ ಮೇಲೆ ಸ್ಕೇಲ್ ಇಟ್ಟು ನೇರ ಗೆರೆ ಎಳೆದು ಮನೆಗಳನ್ನು ಕೆಡವಲು ಹೊರಟಾಗ, ಗೆಡ್ಡೆಸ್ ಗಲ್ಲಿಗಲ್ಲಿ ನಡೆದು ಬಾವಿ, ಮರ, ಗುಡಿ, ಹಿತ್ತಿಲುಗಳನ್ನು ಗುರುತಿಸುತ್ತಿದ್ದರು. ಕೆಟ್ಟದ್ದನ್ನಷ್ಟೇ ಕತ್ತರಿಸಿ ಉಳಿದದ್ದಕ್ಕೆ ಗಾಳಿ ಬೆಳಕು ಕೊಡಿ ಎನ್ನುತ್ತಿದ್ದರು. ವೈದ್ಯ ಶಸ್ತ್ರಚಿಕಿತ್ಸೆ ಮಾಡುವ ಹಾಗೆ ಊರಿಗೂ ಮಾಡಬೇಕು ಎಂಬುದು ಅವರ ನಿಲುವು.

ಮೈಸೂರು ಕೂಡ ಈ ವಿಷಯದಲ್ಲಿ ಹಿಂದುಳಿದ ಊರಲ್ಲ. ಪ್ಲೇಗು ಬಂದುಹೋದ ಮೇಲೆ, 1903ರಲ್ಲೇ, ನಗರಾಭಿವೃದ್ಧಿಗೆಂದು ವಿಶ್ವಸ್ಥ ಮಂಡಳಿ ಸ್ಥಾಪಿಸಿಕೊಂಡ ಊರು. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಡಬೇಕು, ಗಾಳಿ ಆಡಬೇಕು, ನೀರು ನಿಲ್ಲಬಾರದು ಎಂದು ಯೋಚಿಸಿ ಬಡಾವಣೆ ಕಟ್ಟಿದವರು ನಮ್ಮವರೇ. ಅಂಥ ಊರು ತನ್ನ ಹೃದಯದಲ್ಲಿರುವ ಮಾರುಕಟ್ಟೆಯನ್ನು ಅಳೆದುಕೊಳ್ಳದೆ ತೀರ್ಮಾನಿಸುವುದು ನನಗೆ ನೋವು ತರುತ್ತದೆ.

ಬೆಂಗಳೂರಿನ ಅಠಾರಾ ಕಚೇರಿಯನ್ನೇ ನೋಡಿ. 1860ರ ದಶಕದ ಕಟ್ಟಡ. 1980ರ ದಶಕದಲ್ಲಿ ಅದನ್ನು ಕೆಡವುವ ಆಲೋಚನೆ ನಡೆದಿತ್ತು. ಜನ ವಿರೋಧಿಸಿದರು, ಕಟ್ಟಡ ಉಳಿಯಿತು. ಇವತ್ತು ವಿಧಾನಸೌಧದ ಎದುರು ಆ ಕೆಂಪು ಕಟ್ಟಡದಲ್ಲೇ ರಾಜ್ಯದ ಹೈಕೋರ್ಟ್ ಕೂರುತ್ತದೆ. ಹಳತು ಎನ್ನುವ ಒಂದೇ ಕಾರಣಕ್ಕೆ ಅಂದು ಅದನ್ನು ಕಳೆದುಕೊಂಡಿದ್ದರೆ ಇಂದು ಯಾರು ತಂದುಕೊಡುತ್ತಿದ್ದರು?

‘ಅದೇ ಶೈಲಿಯಲ್ಲಿ ಕಟ್ಟಿಕೊಡುತ್ತೇವಲ್ಲ’ ಎನ್ನುವ ಭರವಸೆಯ ಬಗ್ಗೆಯೂ ಒಂದು ಮಾತು. ಅದೇ ಶೈಲಿ ಎಂದರೆ ಏನು? ಕಾಂಕ್ರೀಟ್ ಕಂಬದ ಮುಂದೆ ಕಮಾನಿನ ಆಕಾರ ಅಂಟಿಸಿದರೆ ಕಮಾನು ಆಗುವುದಿಲ್ಲ. ಅದು ಯಾವ ಭಾರವನ್ನೂ ಹೊರುವುದಿಲ್ಲ. ಹಾಗೂ ಅದೇ ರೀತಿ ಕಟ್ಟಲೇಬೇಕಾದರೆ, ಈಗಿರುವುದರ ಪ್ರತಿ ಕಂಬದ ಅಗಲ, ಪ್ರತಿ ಕಮಾನಿನ ಏರು, ಪ್ರತಿ ಕಟ್ಟೆಯ ಎತ್ತರ, ಗಾರೆಯಲ್ಲಿ ಸುಣ್ಣವೆಷ್ಟು ಮರಳೆಷ್ಟು ಸುರ್ಕಿ (ಇಟ್ಟಿಗೆ ಪುಡಿ) ಎಷ್ಟು ಎಂಬುದು ಕಾಗದದ ಮೇಲೆ ಇರಬೇಕಲ್ಲವೇ? ಅಳತೆಯಿಲ್ಲದೆ ನಕಲು ಹೇಗೆ ತೆಗೆಯುತ್ತೀರಿ? ಕೆಡವುವ ಪಕ್ಷದವರಿಗೇ ಅಳತೆ ನಕ್ಷೆ ಹೆಚ್ಚು ಬೇಕು. ಕೆಡವಿದ ಮಾರನೆಯ ದಿನ ಅಳೆಯಲು ಅಲ್ಲಿ ಏನೂ ಇರುವುದಿಲ್ಲ.

ಇವೆಲ್ಲಕ್ಕೂ ಹಣ, ಸಮಯ ಬೇಕು ಎಂದು ನೀವು ಹೇಳಬಹುದು. ಬೇಕು, ನಿಜ. ಒಂದು ಮಳೆಗಾಲ, ಒಂದು ಬೇಸಗೆ ನೋಡದೆ ನೀರಿನ ದಾರಿ ಪೂರ್ತಿ ತಿಳಿಯುವುದಿಲ್ಲ. ಆದರೆ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ವರ್ಷಗಳೇ ಉರುಳಿವೆ. ಅಷ್ಟು ವರ್ಷದಲ್ಲಿ ಎಷ್ಟು ಮಳೆಗಾಲ ಬಂದುಹೋದವು! ಮೊದಲ ವರ್ಷವೇ ಬಿರುಕುಗಳಿಗೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದರೆ, ಇವತ್ತು ನಮ್ಮ ಬಳಿ ಊಹೆಯ ಬದಲು ಲೆಕ್ಕ ಇರುತ್ತಿತ್ತು. ಈ ನಡುವೆ ಅಪಾಯದ ಭಾಗಗಳಿಗೆ ಊರುಗೋಲು ಕೊಟ್ಟು, ಜನ ಓಡಾಡದಂತೆ ತಡೆಗಟ್ಟಿ, ಮಾಡಿನ ಮೇಲೆ ಬೇರೂರಿದ ಅರಳಿ ಗಿಡಗಳನ್ನು ಕಿತ್ತು, ಹರನಾಳಿಗೆ ಚೊಕ್ಕ ಮಾಡುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಅರಳಿಯ ಸಸಿ ಬೆರಳಷ್ಟಿದ್ದಾಗ ಕೈಯಲ್ಲಿ ಕಿತ್ತರೆ ಬರುತ್ತದೆ. ತೋಳಿನಷ್ಟಾದ ಮೇಲೆ ಅದು ಗೋಡೆಯನ್ನು ತನ್ನ ಜೊತೆಗೇ ಕರೆದುಕೊಂಡು ಬರುತ್ತದೆ.

ಆದ್ದರಿಂದ ನನ್ನ ಕೋರಿಕೆ ಇದು. ಎರಡೂ ಕಟ್ಟಡಗಳ ಪೂರ್ತಿ ಅಳತೆ ನಕ್ಷೆಯನ್ನು ಮೊದಲು ಮಾಡಿಸಿ. ಗಾರೆ, ಮರ, ಪಾಯ, ನೀರು ಇವುಗಳ ಪರೀಕ್ಷೆಯನ್ನು ಸುಣ್ಣದ ಕಟ್ಟಡಗಳನ್ನು ಬಲ್ಲವರಿಂದ ಮಾಡಿಸಿ. ಆ ತಂಡದಲ್ಲಿ ಇನ್ನೂ ಉಳಿದಿರುವ ಹಳೆಯ ಗಾರೆ ಕೆಲಸದವರೊಬ್ಬರಾದರೂ ಇರಲಿ. ಮಾರುಕಟ್ಟೆಯ ವ್ಯಾಪಾರವನ್ನು, ಬುಟ್ಟಿಯವರನ್ನೂ ಸೇರಿಸಿ, ಹಬ್ಬದ ದಿನವೂ ಸಾಮಾನ್ಯ ದಿನವೂ ನೋಡಿ ದಾಖಲಿಸಿ. ಅದು ಮುಗಿಯುವವರೆಗೆ ಯಾವ ಹೊಸ ಚಿತ್ರವನ್ನೂ ತೆರೆಯಬೇಡಿ. ಮುಗಿದ ಮೇಲೆ ಆ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಮಾರುಕಟ್ಟೆಯ ಬಾಗಿಲಲ್ಲೇ ಒಂದು ಮೇಜಿನ ಮೇಲೆ ಇಡಿ, ನಕ್ಷೆಯನ್ನು ಗೋಡೆಗೆ ಹಚ್ಚಿ. ಹೂವಿನವರು, ಎಲೆಯವರು, ಗಿರಾಕಿಗಳು ನೋಡಲಿ. ತಪ್ಪಿದ್ದರೆ ಅವರೇ ತೋರಿಸುತ್ತಾರೆ. ಯಾವ ಮೂಲೆ ಸೋರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ. ಆ ಮೇಲೆ, ಈ ಸಾಲು ಉಳಿಯುವುದಿಲ್ಲ, ಇದನ್ನು ಬಿಚ್ಚಲೇಬೇಕು ಎಂದು ಆ ವರದಿಯೇ ಹೇಳಿದರೆ, ನಾನು ಎದುರಾಡುವುದಿಲ್ಲ.

ನಾನು ಹೆಜ್ಜೆಯಲ್ಲಿ ಅಳೆದ ನೋಟ್‌ಬುಕ್ಕಿನ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದರಲ್ಲಿ ತಪ್ಪುಗಳಿರಬಹುದು, ಕೆಲವು ಬಾಗಿಲುಗಳು ಮುಚ್ಚಿದ್ದರಿಂದ ಎರಡು ಸಾಲು ಪೂರ್ತಿಯಾಗಿಲ್ಲ. ನಿಮ್ಮವರು ಅಳತೆಗೆ ಬರುವ ದಿನ ತಿಳಿಸಿ. ಬೆಳಗ್ಗೆ 5 ಗಂಟೆಗೆ, ಹೂವಿನ ಮೂಟೆಗಳು ಇಳಿಯುವ ಹೊತ್ತಿಗೆ, ಚಿಕ್ಕ ಗಡಿಯಾರದ ಬಳಿ ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು ಬಂದು ನಿಂತಿರುತ್ತೇನೆ.

ಇಂತಿ,
ದೇವರಾಜ ಮಾರುಕಟ್ಟೆಯ ಒಬ್ಬ ಹಳೆಯ ಗಿರಾಕಿ, ಮೈಸೂರು